ಸಂಶೋಧನಾ ನಿಯತಕಾಲಿಕಗಳಲ್ಲಿ ಕೃತಿಚೌರ್ಯ: ತಡೆಗಟ್ಟುವಿಕೆ, ದೂರು ಹಾಗೂ ವಿಚಾರಣೆಯ ಕ್ರಮ

ಕಲ್ಯಾಣ ನಗರ, ಬಾಣಸವಾಡಿ, ಹೆಣ್ಣೂರು, ಕೃಷ್ಣರಾಜಪುರ ಮುಂತಾದ ಭಾಗಗಳ ಕಾಲೇಜುಗಳಲ್ಲಿರುವ ಅಧ್ಯಾಪಕರು ಹಾಗೂ ಸಂಶೋಧನಾ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ತಮ್ಮ ಬರಹವನ್ನು ಅನ್ಯರು ನಕಲು ಮಾಡಿದ್ದಾರೆಂದು ದೂರು ನೀಡಬಯಸುವವರಿಗೂ, ಅಂತಹ ದೂರಿಗೆ ಉತ್ತರಿಸಬೇಕಾದವರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಕೃತಿಚೌರ್ಯವೆಂದರೆ

ಅನ್ಯರ ಬರಹವನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ತೋರಿಸಿಕೊಳ್ಳುವುದು ಕೃತಿಚೌರ್ಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಈ ಕುರಿತು 2018ರ ಜುಲೈನಲ್ಲಿ ನಿಯಮಾವಳಿಯನ್ನು ಹೊರಡಿಸಿದೆ. ಪ್ರಬಂಧ, ಮಹಾಪ್ರಬಂಧ, ಸಂಶೋಧನಾ ಲೇಖನ, ಪುಸ್ತಕದ ಅಧ್ಯಾಯ ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ತನ್ನದೇ ಹಳೆಯ ಲೇಖನದ ಭಾಗಗಳನ್ನು ಉಲ್ಲೇಖವಿಲ್ಲದೆ ಮರುಬಳಕೆ ಮಾಡುವುದೂ ಒಪ್ಪತಕ್ಕದ್ದಲ್ಲವೆಂದು ಆಯೋಗವು 2020ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ.

ಕೆಲವೇ ವಾಕ್ಯಗಳ ನಕಲು ದೋಷವಲ್ಲವೆಂಬ ಭಾವನೆ ಅನೇಕರಲ್ಲಿದೆ. ಬೆಂಗಳೂರಿನದೇ ಒಂದು ಪ್ರಕರಣವನ್ನು ಇಲ್ಲಿ ಗಮನಿಸಬಹುದು. ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಲೇಖನವೊಂದು 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ನಿಯತಕಾಲಿಕದಲ್ಲಿ ಪ್ರಕಟವಾಯಿತು. ಪ್ರೊ. ಸಿ.ಎನ್.ಆರ್. ರಾವ್ ಅವರು ಸಹಲೇಖಕರಲ್ಲಿ ಒಬ್ಬರು. ಲೇಖನದ ಪೀಠಿಕೆ ಮುಂತಾದೆಡೆ ಕೆಲವು ವಾಕ್ಯಗಳು 'ಅಪ್ಲೈಡ್ ಫಿಸಿಕ್ಸ್ ಲೆಟರ್ಸ್' ಪತ್ರಿಕೆಯ ಹಿಂದಿನ ಲೇಖನವೊಂದರಿಂದ ಉಲ್ಲೇಖವಿಲ್ಲದೆ ಬಂದಿದ್ದವು. ಲೇಖಕರು ಪತ್ರಿಕೆಯಲ್ಲಿಯೇ ಕ್ಷಮೆ ಯಾಚಿಸಿದರು. ಸಂಶೋಧನೆಯ ಫಲಿತಾಂಶಗಳು ಸ್ವಂತದವಾಗಿದ್ದ ಕಾರಣ ಲೇಖನವನ್ನು ಹಿಂತೆಗೆಯಲಿಲ್ಲ. ಆದರೂ 2012ರ ಆರಂಭದಲ್ಲಿ ವಿಷಯವು ದೇಶದ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಯಿತು. ಕರಡಿನ ಯಾವುದೇ ಭಾಗವನ್ನು ಯಾರೇ ಬರೆದಿರಲಿ, ಕಳುಹಿಸುವ ಮುನ್ನ ಎಲ್ಲ ಸಹಲೇಖಕರೂ ಓದತಕ್ಕದ್ದು.

ಶೇಕಡಾವಾರು ಪ್ರಮಾಣದ ಬಗ್ಗೆ

ನಿಯಮಾವಳಿಯ ಪ್ರಕಾರ ಹೋಲಿಕೆಯು ಶೇ. 10ರವರೆಗೆ ಇದ್ದಲ್ಲಿ ದಂಡನೆ ಇಲ್ಲ. ಶೇ. 10ಕ್ಕಿಂತ ಹೆಚ್ಚಾಗಿ 40ರವರೆಗೆ ಮೊದಲನೆಯ ಹಂತ, 40ಕ್ಕಿಂತ ಹೆಚ್ಚಾಗಿ 60ರವರೆಗೆ ಎರಡನೆಯದು, ಅದಕ್ಕೂ ಮೇಲ್ಪಟ್ಟರೆ ಮೂರನೆಯದು. ಸೂಕ್ತ ಉಲ್ಲೇಖದೊಡನೆ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ, ಪ್ರಮಾಣಿತ ಸಮೀಕರಣಗಳನ್ನು ಲೆಕ್ಕದಿಂದ ಬಿಡಬೇಕು. ವಾಣಿಜ್ಯ ಅಥವಾ ಕಾನೂನು ವಿಷಯದ ಲೇಖನದಲ್ಲಿ ಅಧಿನಿಯಮದ ಕಲಮುಗಳು ತುಂಬಿದ್ದರೆ ಯಂತ್ರವು ತೋರಿಸುವ ಮೊದಲ ಅಂಕಿ ದೊಡ್ಡದಾಗಿರುವುದು ಸಹಜ. ಅದನ್ನೇ ತೀರ್ಪೆಂದು ಭಾವಿಸುವುದು ಸರಿಯಲ್ಲ.

ಇದರ ವಿರುದ್ಧ ದಿಕ್ಕಿನ ತೊಂದರೆ ಕನ್ನಡ ಬರಹಗಳಲ್ಲಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತವು ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಪುಟಪುಟವೇ ನಕಲಾಗಿದ್ದರೂ ಹೋಲಿಕೆ ಸೊನ್ನೆ ಎಂದು ವರದಿ ಬರಬಹುದು. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಸ್ವಂತದ್ದೆಂದು ಪ್ರಕಟಿಸಿದಾಗಲೂ ಯಂತ್ರವು ಸಾಮಾನ್ಯವಾಗಿ ಹಿಡಿಯುವುದಿಲ್ಲ; ವಿಷಯ ಬಲ್ಲವರೇ ಹಿಡಿಯಬೇಕು. ಆದುದರಿಂದ ಕನ್ನಡ ಲೇಖನಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ನಂತರವೇ ಪರೀಕ್ಷೆಗೆ ಒಳಪಡಿಸುವುದು ಸೂಕ್ತ. ವರದಿ ಸೊನ್ನೆ ಎಂಬ ಕಾರಣಕ್ಕೆ ದೂರನ್ನು ತಳ್ಳಿಹಾಕಬಾರದು.

ದೂರು ಸಲ್ಲಿಸುವ ವಿಧಾನ

ದೂರುದಾರರು ಎರಡು ಕಡೆ ಪತ್ರ ಬರೆಯಬೇಕಾಗುತ್ತದೆ ಎಂಬುದು ಬಹುಮಂದಿಗೆ ತಿಳಿದಿಲ್ಲ. ಲೇಖನವನ್ನು ತಿದ್ದುವ ಅಥವಾ ಹಿಂತೆಗೆಯುವ ಅಧಿಕಾರ ನಿಯತಕಾಲಿಕದ ಸಂಪಾದಕರದು. ಲೇಖಕರ ಮೇಲೆ ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಅವರು ಕೆಲಸ ಮಾಡುವ ಸಂಸ್ಥೆಯದು. ಒಂದು ಕಡೆ ಕ್ರಮವಾದ ಮಾತ್ರಕ್ಕೆ ಇನ್ನೊಂದು ಕಡೆಯೂ ಆಗುತ್ತದೆಂದು ಕಾಯುತ್ತಾ ಕುಳಿತರೆ ವರ್ಷಗಳು ಕಳೆಯುತ್ತವೆ.

ಸಂಸ್ಥೆಯಲ್ಲಿ ದೂರು ಮೊದಲು ವಿಭಾಗ ಮಟ್ಟದ ಸಮಿತಿಗೆ ಹೋಗುತ್ತದೆ. ವಿಭಾಗದ ಮುಖ್ಯಸ್ಥರು ಇದರ ಅಧ್ಯಕ್ಷರು. ಹೊರ ವಿಭಾಗದ ಹಿರಿಯ ಅಧ್ಯಾಪಕರೊಬ್ಬರು ಮತ್ತು ತಂತ್ರಾಂಶ ಬಲ್ಲವರೊಬ್ಬರು ಸದಸ್ಯರು. ಈ ಸಮಿತಿಯು 45 ದಿನಗಳೊಳಗೆ ಸಂಸ್ಥೆ ಮಟ್ಟದ ಸಮಿತಿಗೆ ವರದಿ ನೀಡತಕ್ಕದ್ದು. ಆ ಸಮಿತಿಗೂ 45 ದಿನಗಳ ಕಾಲಾವಕಾಶವಿದ್ದು, ಸಂಸ್ಥೆಯ ಹೊರಗಿನವರೊಬ್ಬರು ಅದರಲ್ಲಿ ಇರತಕ್ಕದ್ದು. ಎರಡೂ ಸಮಿತಿಗಳಿಗೆ ಒಬ್ಬರೇ ಅಧ್ಯಕ್ಷರಾಗುವಂತಿಲ್ಲ. ಆಪಾದಿತರ ಅಹವಾಲನ್ನು ಆಲಿಸದೆ ನಿರ್ಣಯಕ್ಕೆ ಬರುವಂತಿಲ್ಲ. ಸಂಸ್ಥೆಯು ಸ್ವಯಂಪ್ರೇರಿತವಾಗಿಯೂ ವಿಚಾರಣೆ ಆರಂಭಿಸಬಹುದು.

ದೂರಿನಲ್ಲಿ ಆವೇಶದ ಮಾತುಗಳಿಗಿಂತ ದಾಖಲೆ ಮುಖ್ಯ. ಮೂಲ ಲೇಖನದ ಪುಟವನ್ನೂ ಆಕ್ಷೇಪಿತ ಪುಟವನ್ನೂ ಅಕ್ಕಪಕ್ಕದಲ್ಲಿ ಇರಿಸಿ, ಹೋಲುವ ಸಾಲುಗಳಿಗೆ ಗೆರೆ ಎಳೆದು, ಎರಡರ ಪ್ರಕಟಣಾ ದಿನಾಂಕಗಳನ್ನು ನಮೂದಿಸಬೇಕು. ಲೇಖನ ಇನ್ನೂ ಅಚ್ಚಾಗದಿದ್ದಲ್ಲಿ, ಅದನ್ನು ಯಾರಿಗೆ ಯಾವಾಗ ಕಳುಹಿಸಲಾಗಿತ್ತೆಂಬುದಕ್ಕೆ ಇ-ಮೇಲ್ ಪ್ರತಿ ಸಾಕ್ಷಿಯಾಗುತ್ತದೆ. ಮಾರ್ಗದರ್ಶಕರ ವಿರುದ್ಧವೇ ದೂರು ನೀಡಬೇಕಾದ ವಿದ್ಯಾರ್ಥಿಗೆ ಬಹಳ ಸಲ ಇದೊಂದೇ ಆಧಾರ. ಕರಡುಗಳನ್ನು ಕೇವಲ ಪೆನ್ ಡ್ರೈವ್‌ನಲ್ಲಿ ಕೊಡದೆ ಇ-ಮೇಲ್ ಮೂಲಕವೂ ಕಳುಹಿಸುವ ರೂಢಿ ಒಳ್ಳೆಯದು.

ದಂಡನೆ

ಪ್ರಕಟಿತ ಲೇಖನದಲ್ಲಿ ಮೊದಲ ಹಂತದ ದೋಷ ಸಾಬೀತಾದರೆ ಲೇಖನವನ್ನು ಹಿಂಪಡೆಯಬೇಕು. ಎರಡನೆಯ ಹಂತದಲ್ಲಿ ಅದರ ಜೊತೆಗೆ ಒಂದು ವಾರ್ಷಿಕ ವೇತನ ಬಡ್ತಿ ತಪ್ಪುತ್ತದೆ; ಎರಡು ವರ್ಷ ಹೊಸ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಮೂರನೆಯದರಲ್ಲಿ ಇವು ಕ್ರಮವಾಗಿ ಎರಡು ಬಡ್ತಿ ಹಾಗೂ ಮೂರು ವರ್ಷ. ಆ ಲೇಖನದಿಂದ ಈಗಾಗಲೇ ಸೌಲಭ್ಯ ಪಡೆದಿದ್ದಲ್ಲಿ ಅದನ್ನೂ ತಡೆಹಿಡಿಯಬಹುದು. ಮಹಾಪ್ರಬಂಧದ ವಿಷಯದಲ್ಲಿ ಮೂರನೆಯ ಹಂತದ ದೋಷಕ್ಕೆ ನೋಂದಣಿಯೇ ರದ್ದಾಗುತ್ತದೆ.

ಕೃತಿಸ್ವಾಮ್ಯ ಅಧಿನಿಯಮ, 1957ರ ಅಡಿಯ ಪರಿಹಾರ ಬೇರೆಯದು. ಅದಕ್ಕೆ ನ್ಯಾಯಾಲಯದ ಮೊರೆ ಹೋಗಬೇಕು. ಆ ಅಧಿನಿಯಮವು ಬರಹದ ರೂಪವನ್ನು ರಕ್ಷಿಸುತ್ತದೆಯೇ ಹೊರತು ವಿಚಾರವನ್ನಲ್ಲ. ಸಂಶೋಧನೆಯ ವಿಚಾರವನ್ನಷ್ಟೇ ಕದ್ದ ಪ್ರಕರಣಗಳಲ್ಲಿ ಮೇಲೆ ತಿಳಿಸಿದ ಸಮಿತಿಗಳಿಗೇ ದೂರು ನೀಡುವುದು ಸೂಕ್ತ.

ನಿಯತಕಾಲಿಕದ ಆಯ್ಕೆ

ನಿಯತಕಾಲಿಕಗಳ ಗುಣಮಟ್ಟಕ್ಕಾಗಿ ಆಯೋಗವು ನಿರ್ವಹಿಸುತ್ತಿದ್ದ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಡಲಾಗಿದೆ. ಪಟ್ಟಿಯಲ್ಲಿದೆ ಎಂದು ಹೇಳಿ ಹಣ ಕೇಳುವವರನ್ನು ನಂಬಬಾರದು. ಸಂಪಾದಕ ಮಂಡಳಿ, ತಜ್ಞರ ಪರಿಶೀಲನೆಯ ಕ್ರಮ ಹಾಗೂ ಲೇಖನ ಹಿಂತೆಗೆಯುವ ನೀತಿಯನ್ನು ಬಹಿರಂಗವಾಗಿ ತಿಳಿಸದ ಪತ್ರಿಕೆಗೆ ದೂರು ಬರೆದರೂ ಉತ್ತರ ಬರುವ ಸಂಭವ ಕಡಿಮೆ. ದೂರು ಸಲ್ಲಿಸಿದವರು ಸಂಸ್ಥೆಯ ಟಪಾಲು ಶಾಖೆಯಿಂದ ದಿನಾಂಕಸಹಿತ ಸ್ವೀಕೃತಿ ಪಡೆದುಕೊಳ್ಳುವುದು. 45 ದಿನಗಳ ಎಣಿಕೆಗೆ ಅದೇ ಆಧಾರವಾಗಿರುತ್ತದೆ.