ಗಲ್ಲೆಗೆ ಗಂಟೆ ಯಾಕೆ ಕಟ್ಟಿದರು?

ಬನಹಟ್ಟಿ ಪೇಟೆಯಲ್ಲಿ ಫೋನಿನಿಂದ ರೊಕ್ಕ ಹಾಕಿದರೆ ಅಂಗಡಿಯ ಡಬ್ಬಿ ಎಷ್ಟು ಬಂತೆಂದು ಕೂಗಿ ಹೇಳುತ್ತದೆ. ಈ ಕೂಗಿನ ಮುತ್ತಜ್ಜ ಒಂದು ಗಂಟೆ, ಹುಟ್ಟಿದ್ದು ಸೆರೆ ಅಂಗಡಿಯಲ್ಲಿ.

ಅಮೆರಿಕದ ಡೇಟನ್ ಊರಿನ ಜೇಮ್ಸ್ ರಿಟ್ಟಿಯ ಸೆರೆ ಅಂಗಡಿಯಲ್ಲಿ ಆಳುಗಳು ರೊಕ್ಕ ಹೊಡೆಯುತ್ತಿದ್ದರು. ಹಡಗಿನಲ್ಲಿ ಹೋಗುವಾಗ, ಅದರ ಪಂಖ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಯಂತ್ರ ಅವನ ಕಣ್ಣಿಗೆ ಬಿತ್ತು. ಸುತ್ತು ಎಣಿಸುವುದಾದರೆ ವ್ಯಾಪಾರವನ್ನೂ ಎಣಿಸಬಹುದಲ್ಲ! 1879ರಲ್ಲಿ ಅಣ್ಣತಮ್ಮ ಸೇರಿ ಯಂತ್ರ ಮಾಡಿ ಪೇಟೆಂಟ್ ಪಡೆದರು. ಗುಂಡಿ ಒತ್ತಿದರೆ ಮೊತ್ತ ಎಲ್ಲರಿಗೂ ಕಾಣುತ್ತಿತ್ತು. ಮುಂದೆ ರೊಕ್ಕದ ಖಾನೆಯೂ ಸೇರಿತು. ಖಾನೆ ತೆರೆದರೆ ಗಂಟೆ ಬಾರಿಸಿ, ಒಳಗಿದ್ದ ಮಾಲೀಕನಿಗೂ ಕೇಳುತ್ತಿತ್ತು. 1884ರಲ್ಲಿ ಜಾನ್ ಪ್ಯಾಟರ್ಸನ್ ಈ ಧಂದೆ ಕೊಂಡು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಕಟ್ಟಿದ.

ನಮ್ಮ ಕಡೆ ಗಲ್ಲೆ ಎಂದರೆ ಕಟ್ಟಿಗೆಯ ಪೆಟ್ಟಿಗೆ. ರೂಪಾಯಿ, ಆಣೆ, ಪೈಗೆ ಬೇರೆ ಬೇರೆ ಖಾನೆ. 1957ರಲ್ಲಿ ನಯಾ ಪೈಸೆ ಬಂದ ಮೇಲೆ ಆ ಎಣಿಕೆ ಬದಲಾಯಿತು. ಗಾದಿಯ ಮೇಲೆ ಸಾವುಕಾರನೇ ಕೂತಿರುವಾಗ ಗಂಟೆ ಯಾರಿಗೆ ಬೇಕು?

ಅದಕ್ಕಿಂತ ದೊಡ್ಡ ಕಾರಣ ಉದ್ರಿ. ಮುಧೋಳದ ರೈತ ಕಬ್ಬಿನ ಬಿಲ್ಲು ಬಂದ ಮೇಲೆ, ರಬಕವಿಯ ನೇಕಾರ ಪಗಾರದ ದಿನ ರೊಕ್ಕ ಕೊಡುವವನು. ಆ ಲೆಕ್ಕ ಗಲ್ಲೆಯಲ್ಲಿ ಇರುತ್ತಿರಲಿಲ್ಲ, ಉದ್ರಿ ವಹಿಯಲ್ಲಿತ್ತು. ದೀಪಾವಳಿಗೆ ಗಲ್ಲೆಯ ಜೊತೆ ವಹಿಗೂ ಪೂಜೆ. ಓದಲು ಬಾರದವರು ಸಾವುಕಾರ ಓದಿ ಹೇಳಿದ ಬಾಕಿಯನ್ನೇ ನಂಬಿ ಹೆಬ್ಬೆಟ್ಟು ಒತ್ತಬೇಕಿತ್ತು.