ಗಡಿನಾಡಿನ ಜೇನ್ನೊಣಗಳ ಚರಿತ್ರೆ

ಚರಿತ್ರೆಯೆಂದೊಡನೆ ಅರಸುಮನೆತನಗಳೂ ಕೋಟೆಕೊತ್ತಲಗಳೂ ಶಿಲಾಶಾಸನಗಳೂ ನಮ್ಮ ನೆನಪಿಗೆ ಬರುವುದು ಸಹಜವೇ ಆಗಿದೆ. ಕುಂಬಳೆಯ ಅರಸರನ್ನೂ ಇಕ್ಕೇರಿಯ ನಾಯಕರನ್ನೂ ಬೇಕಲದ ಕೋಟೆಯನ್ನೂ ಕುರಿತು ಪ್ರಾಜ್ಞರು ಹಲವರು ಬರೆದಿದ್ದಾರೆ. ಆದರೆ ಈ ಅರಸರೆಲ್ಲರಿಗಿಂತ ಮೊದಲೇ ಈ ನೆಲದಲ್ಲಿ ನೆಲೆನಿಂತು, ಇಂದಿಗೂ ನಮ್ಮ ತೋಟಗಳಲ್ಲಿ ದುಡಿಯುತ್ತಿರುವ ಒಂದು ಜೀವಕುಲವುಂಟು. ತುಡುವೆ, ಮುಜಂಟಿ, ಹೆಜ್ಜೇನು, ಕೋಲುಜೇನು ಎಂದು ನಮ್ಮ ಹಿರಿಯರು ಹೆಸರಿಟ್ಟು ಕರೆದ ಆ ಜೀವಿಗಳ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಜೇನ್ನೊಣಗಳ ಪೂರ್ವಜರು ಮಾಂಸಾಹಾರಿಗಳಾದ ಕಣಜಗಳು. ಅನ್ಯ ಕೀಟಗಳನ್ನು ಬೇಟೆಯಾಡಿ ತಂದು ತಮ್ಮ ಮರಿಗಳಿಗೆ ಉಣಿಸುತ್ತಿದ್ದ ಕಣಜಗಳ ಒಂದು ಕವಲು, ಸುಮಾರು 12 ಕೋಟಿ ವರ್ಷಗಳ ಹಿಂದೆ, ಬೇಟೆಯನ್ನು ಬಿಟ್ಟು ಹೂವಿನ ಪರಾಗವನ್ನೇ ಆಹಾರವಾಗಿ ಸ್ವೀಕರಿಸಿತು. ಹೂ ಬಿಡುವ ಸಸ್ಯಗಳು ಭೂಮಿಯಲ್ಲಿ ಹಬ್ಬತೊಡಗಿದ್ದ ಕಾಲವದು. ಆಫ್ರಿಕವೂ ದಕ್ಷಿಣ ಅಮೇರಿಕವೂ ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದ ಭೂಭಾಗದಲ್ಲಿ ಈ ಮಾರ್ಪಾಡು ನಡೆಯಿತೆಂದೂ, ಭರತಖಂಡಕ್ಕೆ ಜೇನ್ನೊಣಗಳು ಬಹಳ ತಡವಾಗಿ ಬಂದುವೆಂದೂ 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸುತ್ತದೆ. ಅಂದಿನಿಂದ ಹೂವೂ ಜೇನ್ನೊಣವೂ ಒಂದನ್ನೊಂದು ತಿದ್ದುತ್ತ ಬಂದಿವೆ. ಜೇನ್ನೊಣದ ಮೈಮೇಲೆ ಪರಾಗ ಅಂಟುವುದಕ್ಕೆ ಕವಲೊಡೆದ ರೋಮಗಳು ಮೂಡಿದುವು. ಹೂವಿನಲ್ಲಿ ಬಣ್ಣ, ಕಂಪು, ಮಕರಂದಗಳು ಹೆಚ್ಚಿದುವು. ಇಂದು ಲೋಕದಲ್ಲಿ 20,000ಕ್ಕೂ ಮಿಕ್ಕಿದ ಜೇನ್ನೊಣ ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಭಾರತದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ. ಇವುಗಳಲ್ಲಿ ನಮಗಾಗಿ ಜೇನು ಕೂಡಿಡುವವು ಬೆರಳೆಣಿಕೆಯಷ್ಟು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಒಂಟಿಯಾಗಿ ಬಾಳುವವು.

ನಮ್ಮ ಕವಿಗಳಿಗೆ ಈ ಜೀವಿಯ ಪರಿಚಯ ಚೆನ್ನಾಗಿಯೇ ಇದ್ದಿತು. ಆರು ಕಾಲುಳ್ಳದ್ದೆಂಬ ಕಾರಣದಿಂದ ದುಂಬಿಗೆ ಷಟ್ಪದವೆಂದು ಹೆಸರು. ಆರು ಸಾಲುಳ್ಳ ಛಂದಸ್ಸಿಗೆ ಷಟ್ಪದಿಯೆಂದು ಹೆಸರು. ಆದರೆ ಕಾವ್ಯಗಳಲ್ಲಿ ದುಂಬಿಯು ಸಾಮಾನ್ಯವಾಗಿ ಹೂವಿನ ಸವಿಯನ್ನು ಹೀರಿ ಹಾರಿಹೋಗುವ ರಸಿಕ. ಅದು ಹೂವಿಗೆ ಮಾಡುವ ಉಪಕಾರವು ಶಾಸ್ತ್ರಕ್ಕೆ ವಿಷಯವಾದುದು ಹದಿನೆಂಟನೆಯ ಶತಮಾನದಲ್ಲಿ. ಜರ್ಮನಿಯ ಕೋಲ್ರಾಯ್ಟರನು 1761ರಲ್ಲಿ ಕೀಟಗಳು ಪರಾಗವನ್ನು ಒಯ್ಯುವ ಬಗೆಯನ್ನು ಬರೆದನು. ಸ್ಪಾಂಡೌ ಎಂಬ ಊರಿನ ಶಾಲಾಧ್ಯಾಪಕನಾಗಿದ್ದ ಸ್ಪ್ರೆಂಗೆಲನು 1793ರಲ್ಲಿ ನೂರಾರು ಹೂಗಳನ್ನು ಪರೀಕ್ಷಿಸಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಹೂವಿನ ದಳದ ಮೇಲಿನ ಗೆರೆಗಳೂ ಚುಕ್ಕೆಗಳೂ ಮಕರಂದವಿರುವೆಡೆಗೆ ಕೀಟಕ್ಕೆ ದಾರಿ ತೋರುವ ಗುರುತುಗಳೆಂದು ಅವನು ಹೇಳಿದಾಗ ಅದನ್ನು ಗೌರವಿಸಿದವರು ಕಡಿಮೆ. ಅವನ ಗ್ರಂಥಕ್ಕೆ ತಕ್ಕ ಮನ್ನಣೆ ದೊರೆತುದು ಡಾರ್ವಿನ್ ಮಹಾಶಯನು ಅದನ್ನು ಓದಿ, ತಾನೇ ಪ್ರಯೋಗಗಳನ್ನು ನಡೆಸಿ, 1862ರಲ್ಲಿ ಸೀತಾಳೆ ಹೂಗಳ ಕುರಿತು ಬರೆದ ಮೇಲೆ.

ಏಷ್ಯದ ಜೇನ್ನೊಣಗಳಿಗೂ ಈ ಶಾಸ್ತ್ರದ ಚರಿತ್ರೆಯಲ್ಲಿ ಸ್ಥಾನವುಂಟು. ಹೂವಿರುವ ದಿಕ್ಕನ್ನೂ ದೂರವನ್ನೂ ಜೇನ್ನೊಣವು ಕುಣಿತದ ಮೂಲಕ ಸಂಗಾತಿಗಳಿಗೆ ತಿಳಿಸುವುದೆಂಬುದನ್ನು ಕಾರ್ಲ್ ಫಾನ್ ಫ್ರಿಷ್ ಅವರು ತೋರಿಸಿಕೊಟ್ಟರು. ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಅವರ ಶಿಷ್ಯ ಮಾರ್ಟಿನ್ ಲಿಂಡೌವರ್ ಅವರು 1950ರ ದಶಕದಲ್ಲಿ ಸಿಂಹಳಕ್ಕೆ ಬಂದು ಹೆಜ್ಜೇನು, ತುಡುವೆ, ಕೋಲುಜೇನುಗಳ ಕುಣಿತವನ್ನು ಅಭ್ಯಸಿಸಿದರು. ತುಡುವೆಯು ಕತ್ತಲೆಯ ಪೊಟರೆಯೊಳಗೆ ನೇರವಾಗಿ ನಿಂತ ತಟ್ಟಿಯ ಮೇಲೆ ಕುಣಿದರೆ, ಕೋಲುಜೇನು ಬಯಲಲ್ಲಿ, ಸಮತಟ್ಟಾದ ನೆತ್ತಿಯ ಮೇಲೆ, ಹೂವಿರುವ ದಿಕ್ಕಿಗೇ ಮುಖಮಾಡಿ ಕುಣಿಯುತ್ತದೆ.

ಇನ್ನು ನಮ್ಮ ಊರಿನ ವಿಚಾರಕ್ಕೆ ಬರೋಣ. ಕಾಸರಗೋಡಿನ ನೆಲವು ಮುರಕಲ್ಲಿನ ನೆಲ. ಮಳೆಗಾಲ ಕಳೆಯುವಾಗ ನಮ್ಮ ಪದವುಗಳಲ್ಲಿ ಪುಟ್ಟ ಪುಟ್ಟ ಹೂಗಳು ಹಾಸಿನಂತೆ ಅರಳುತ್ತವೆ. ಮಣ್ಣಿನ ಗೋಡೆ, ಮುರಕಲ್ಲಿನ ಸಂದು, ನಾಗಬನದ ಹಳೆಯ ಮರಗಳ ಪೊಟರೆ, ಇವೆಲ್ಲ ಜೇನ್ನೊಣಗಳ ನಿವಾಸಗಳು. ಕುಟುಕಲಾರದ ಮುಜಂಟಿಯು ಗೋಡೆಯ ಸಂದಿನಲ್ಲಿ ಮೇಣದ ಕೊಳವೆಯ ಬಾಗಿಲನ್ನು ಕಟ್ಟುತ್ತದೆ. ಹೆಜ್ಜೇನು ಎತ್ತರದ ಕೊಂಬೆಗೆ ಒಂದೇ ಒಂದು ದೊಡ್ಡ ತಟ್ಟಿಯನ್ನು ತೂಗಿಸಿ, ಹೂವಿನ ಕಾಲ ಮುಗಿದೊಡನೆ ಬಹುದೂರ ವಲಸೆ ಹೋಗುತ್ತದೆ. ಮರ ಕೊರೆಯುವ ಕರಿದುಂಬಿಯು ಒಣಗಿದ ತೊಲೆಯಲ್ಲಿ ಗೂಡು ತೋಡುತ್ತದೆ. ಎಲೆ ಕತ್ತರಿಸುವ ಜೇನ್ನೊಣವು ಗುಲಾಬಿಯ ಎಲೆಯಿಂದ ದುಂಡಗಿನ ತುಣುಕನ್ನು ಕತ್ತರಿಸಿ ಒಯ್ದು ಮರಿಗಳಿಗೆ ತೊಟ್ಟಿಲು ಮಾಡುತ್ತದೆ.

ಇವುಗಳಿಂದ ನಮಗೇನು ಪ್ರಯೋಜನವೆಂದು ಕೇಳುವವರಿಗೆ ನಮ್ಮ ತೋಟವೇ ಉತ್ತರವನ್ನು ಕೊಡುತ್ತದೆ. ಅಡಕೆಗೆ ಗಾಳಿಯೇ ಮುಖ್ಯ ಪರಾಗವಾಹಕ. ನಮ್ಮ ಎತ್ತರದ ತೆಂಗಿನಲ್ಲಾದರೋ, ಒಂದು ಹೊಂಬಾಳೆಯ ಗಂಡು ಹೂಗಳು ಉದುರಿ ಮುಗಿದ ಮೇಲೆ ಹೆಣ್ಣು ಹೂಗಳು ಸಿದ್ಧವಾಗುತ್ತವೆ. ಆದುದರಿಂದ ಪರಾಗವು ಬೇರೆ ಮರದಿಂದ ಬರಬೇಕಾಗುತ್ತದೆ. ಅದನ್ನು ಗಾಳಿಯೂ ಜೇನ್ನೊಣಗಳೂ ತರುತ್ತವೆ. ಸೌತೆ, ಕುಂಬಳ, ಹೀರೆ, ಹಾಗಲಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಕೀಟಗಳು ಬಾರದಿದ್ದರೆ ಮಿಡಿಯು ಹಳದಿಯಾಗಿ ಉದುರಿಹೋಗುತ್ತದೆ. ಬದನೆಯ ಹೂವು ಇನ್ನೂ ಸೋಜಿಗದ್ದು. ಅದರ ಪರಾಗಕೋಶದ ತುದಿಯಲ್ಲಿ ಸಣ್ಣ ರಂಧ್ರವೊಂದೇ ಇರುತ್ತದೆ. ನೀಲಿ ಪಟ್ಟೆಯ ಜೇನ್ನೊಣದಂತಹ ಕಾಡುಜಾತಿಗಳು ಹೂವನ್ನು ಅಪ್ಪಿ ಹಿಡಿದು ಮೈಯನ್ನು ಅದುರಿಸಿ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಪೆಟ್ಟಿಗೆಯ ತುಡುವೆಗೆ ಈ ವಿದ್ಯೆ ತಿಳಿಯದು. ಪೆಟ್ಟಿಗೆಗಳನ್ನು ಎಷ್ಟು ಇಟ್ಟರೂ ಕಾಡಿನ ಜೇನ್ನೊಣಗಳ ಕೆಲಸವನ್ನೆಲ್ಲ ಅವು ಮಾಡಲಾರವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಜೇನುಸಾಕಣೆಗೂ ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದ ಪರಂಪರೆಯುಂಟು. ಮಡಕೆಯಲ್ಲಿಯೂ ಟೊಳ್ಳು ಮರದ ತುಂಡಿನಲ್ಲಿಯೂ ತುಡುವೆಯನ್ನು ಕೂರಿಸುತ್ತಿದ್ದ ಹಿರಿಯರಿದ್ದರು. ತಟ್ಟಿಯನ್ನು ಹಿಂಡದೆ ಚೌಕಟ್ಟಿನಿಂದ ತುಪ್ಪ ತೆಗೆಯುವ ಆಧುನಿಕ ಕ್ರಮಕ್ಕೆ ತಳಹದಿಯಾದುದು ಅಮೇರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಅವರು 1851ರಲ್ಲಿ ಕಂಡುಕೊಂಡ ತತ್ವ. ಅದನ್ನು ಚಿಕ್ಕ ಗಾತ್ರದ ತುಡುವೆಗೆ ಹೊಂದಿಸಿ ದಕ್ಷಿಣ ಭಾರತದಲ್ಲಿ ಪ್ರಚುರಪಡಿಸಿದವರು ಪಾದ್ರಿ ನ್ಯೂಟನ್ ಅವರು. ಅದು 1910ರ ದಶಕದ ಮಾತು. ಪೆಟ್ಟಿಗೆಯ ಜೇನಿಗೆ ಮಹಾ ವಿಪತ್ತು ಬಂದುದು 1991-92ರಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿತು. ಮರಿಹುಳುಗಳು ನೀರು ತುಂಬಿದ ಚೀಲಗಳಂತಾಗಿ ಸತ್ತು, ತುಡುವೆಯ ಕುಟುಂಬಗಳಲ್ಲಿ ಹೆಚ್ಚಿನ ಪಾಲು ನಾಶವಾದುವು. ರೋಗವನ್ನು ತಡೆದುಕೊಂಡು ಉಳಿದ ಕೆಲವು ಕುಟುಂಬಗಳಿಂದಲೇ ಜೇನುಸಾಕಣೆ ಮರಳಿ ಚಿಗುರಿತು.

ರೋಗವು ಪ್ರಕೃತಿಯ ಕೃತ್ಯ. ಆದರೆ ನಮ್ಮ ಜಿಲ್ಲೆಯ ಜೇನ್ನೊಣಗಳ ಚರಿತ್ರೆಯಲ್ಲಿ ಮನುಷ್ಯಕೃತವಾದ ಅಧ್ಯಾಯವೊಂದಿದೆ. ಅದನ್ನು ಮರೆಮಾಚುವುದು ಚರಿತ್ರಕಾರನಿಗೆ ಸಲ್ಲದು. ಸರಕಾರದ ಒಡೆತನಕ್ಕೆ ಸೇರಿದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗೇರಿನ ಚಿಗುರನ್ನೂ ಹೂವನ್ನೂ ಹೀರುವ ಒಂದು ತಿಗಣೆಯನ್ನು ಕೊಲ್ಲುವುದು ಅದರ ಉದ್ದೇಶವಾಗಿತ್ತು. ಹೂ ಬಿಡುವ ಕಾಲವೇ ಸಿಂಪಡಣೆಯ ಕಾಲ. ಅದೇ ಜೇನ್ನೊಣಗಳು ಗೇರಿನ ಹೂವನ್ನು ಅರಸಿ ಬರುವ ಕಾಲವೂ ಹೌದು. ಗೇರಿನ ಪರಾಗವು ಅಂಟಾದುದರಿಂದ ಗಾಳಿಯಲ್ಲಿ ಚೆನ್ನಾಗಿ ಹಾರದು, ಕೀಟಗಳೇ ಒಯ್ಯಬೇಕು. ಹೀಗೆ ಫಸಲನ್ನು ರಕ್ಷಿಸಲೆಂದು ಸುರಿದ ವಿಷವು ಫಸಲನ್ನು ಕಟ್ಟುವ ಜೀವಿಗಳ ಮೇಲೆಯೇ ಬಿದ್ದಿತು. ಎಣ್ಮಕಜೆ ಪಂಚಾಯತಿನ ಪಡ್ರೆಯ ಸುತ್ತಣ ಕೃಷಿಕರು ಜೇನ್ನೊಣ, ಕಪ್ಪೆ, ಮೀನುಗಳು ಸತ್ತುದನ್ನು ಕಂಡರು. ಅದೇ ನೀರನ್ನು ಕುಡಿದು, ಅದೇ ಗಾಳಿಯನ್ನು ಉಸಿರಾಡಿದ ಮನೆಗಳ ಸಂಕಟವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ವಾಚಕರಲ್ಲಿ ಅನೇಕರು ಅದನ್ನು ಬಲ್ಲರು. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಆ ವಿಷವನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರಲ್ಲಿ ರಾಜ್ಯ ಸರಕಾರಕ್ಕೆ ಆಜ್ಞಾಪಿಸಿತು. ಜೇನ್ನೊಣಗಳಿಗೆ ವ್ಯಾಜ್ಯ ಹೂಡುವ ಬಾಯಿಲ್ಲ. ಆದರೆ ಅವುಗಳ ಸಾವು ನಮಗೆ ಬಂದ ಮೊದಲ ಎಚ್ಚರಿಕೆಗಳಲ್ಲಿ ಒಂದಾಗಿತ್ತು. ಆ ಎಚ್ಚರಿಕೆಯನ್ನು ಸಕಾಲದಲ್ಲಿ ಓದಿಕೊಂಡಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದುವೋ!

ವಿಷದ ಮಳೆ ನಿಂತಿತೆಂದ ಮಾತ್ರಕ್ಕೆ ಅಪಾಯ ಕಳೆಯಿತೆನ್ನಲಾಗದು. ಪದವುಗಳನ್ನು ಕಡಿದು ಕಲ್ಲು ತೆಗೆದಾಗ ಹೂವಿನ ಹಾಸೂ ನೆಲದ ಗೂಡುಗಳೂ ಒಟ್ಟಿಗೆ ಇಲ್ಲವಾಗುತ್ತವೆ. ರಬ್ಬರು ತೋಟಗಳಲ್ಲಿ ಚಿಗುರಿನ ಕಾಲಕ್ಕೆ ಎಲೆಯ ತೊಟ್ಟಿನಿಂದ ಸಿಹಿರಸ ಒಸರಿ ತುಪ್ಪವು ಯಥೇಚ್ಛವಾಗಿ ದೊರೆಯುವುದು ನಿಜ. ಆದರೆ ಆ ಕೆಲವು ವಾರಗಳು ಕಳೆದ ಮೇಲೆ ಜೇನ್ನೊಣಕ್ಕೆ ಬೇರೆ ಹೂವು ಬೇಕಷ್ಟೆ. ನಾಗಬನದ ಮರವನ್ನು ಕಡಿಯಬಾರದೆಂದು ಹಿರಿಯರು ಕಟ್ಟಳೆ ಮಾಡಿದುದು ಭಕ್ತಿಯಿಂದ. ಆ ಭಕ್ತಿಯ ನೆರಳಿನಲ್ಲಿ ತುಡುವೆಗೂ ಮುಜಂಟಿಗೂ ಪೊಟರೆ ಉಳಿಯಿತೆಂಬುದನ್ನು ನಾವು ಮರೆಯಬಾರದು.

ಕೊನೆಯದಾಗಿ ಒಂದು ಮಾತು. ತುಡುವೆ, ಮುಜಂಟಿ ಎಂಬ ಹೆಸರುಗಳು ನಮ್ಮ ಮಕ್ಕಳಿಗೆ ಪಠ್ಯಪುಸ್ತಕದಿಂದಲ್ಲ, ಮನೆಯ ಅಜ್ಜಅಜ್ಜಿಯರ ಬಾಯಿಂದಲೇ ಬರತಕ್ಕವು. ಯಾವ ಜೇನು ಯಾವ ತಿಂಗಳಲ್ಲಿ ಯಾವ ಹೂವಿಗೆ ಬರುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂಬ ಅರಿವು ಆ ಹೆಸರುಗಳೊಡನೆಯೇ ಉಳಿಯುತ್ತದೆ, ಅವುಗಳೊಡನೆಯೇ ಅಳಿಯುತ್ತದೆ. ನಮ್ಮ ಕನ್ನಡ ಶಾಲೆಗಳ ಅಧ್ಯಾಪಕ ಮಹನೀಯರು ಒಂದೊಂದು ತರಗತಿಗೆ ಒಂದೊಂದು ಪುಸ್ತಕವನ್ನಿಟ್ಟು, ಮಕ್ಕಳು ತಮ್ಮ ಮನೆಯ ಹಿತ್ತಿಲಿನಲ್ಲಿ ಕಂಡ ಜೇನ್ನೊಣಗಳನ್ನೂ ಹಿರಿಯರಿಂದ ಕೇಳಿದ ಹೆಸರುಗಳನ್ನೂ ವರ್ಷ ತಿಂಗಳ ಸಹಿತ ಬರೆದಿಡುವಂತೆ ಮಾಡಲೆಂದು ಪ್ರಾರ್ಥಿಸುತ್ತೇವೆ. ಗಡಿನಾಡಿನಲ್ಲಿ ಭಾಷೆಯನ್ನು ಉಳಿಸುವುದೆಂದರೆ ಆ ಭಾಷೆಯಲ್ಲಿ ನೆಲೆಸಿರುವ ನೆಲದ ಅರಿವನ್ನು ಉಳಿಸುವುದೂ ಆಗಿದೆ. ಮುಂದಿನ ಚರಿತ್ರಕಾರನಿಗೆ ಆ ಪುಸ್ತಕಗಳೇ ಶಾಸನಗಳಾಗುವುವು.