ಯಾರ ಮುಂದೆ ಬಾಯಿ ಬಿಡುವುದು? ‘ಡೀಪ್ ಸ್ಪೇಸ್ ನೈನ್’ ಸರಣಿಯ ಯುದ್ಧಕಥನದಲ್ಲಿ ಒಳತೋಟಿ ಮತ್ತು ಒಡನಾಟ

ಸೇನಾಧಿಕಾರಿಯೊಬ್ಬ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಖಾಸಗಿ ದಿನಚರಿಯನ್ನು ಧ್ವನಿಮುದ್ರಿಸುತ್ತಿದ್ದಾನೆ. ಮಾತು ಬೆಳೆದಂತೆ ಸಮವಸ್ತ್ರ ಸಡಿಲವಾಗುತ್ತದೆ, ಕೈಗೆ ಮದ್ಯದ ಲೋಟ ಬರುತ್ತದೆ. ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿ ಮುಗಿಸಿದವನು, ಅಷ್ಟನ್ನೂ ಅಳಿಸಿಹಾಕುವಂತೆ ಕಂಪ್ಯೂಟರಿಗೆ ಆಜ್ಞೆ ಕೊಡುತ್ತಾನೆ. 1998ರ ಏಪ್ರಿಲ್‌ನಲ್ಲಿ ಪ್ರಸಾರವಾದ ‘ಇನ್ ದ ಪೇಲ್ ಮೂನ್‌ಲೈಟ್’ ಕಂತು ಮುಗಿಯುವುದು ಹೀಗೆ.

‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ 1993ರ ಜನವರಿಯಿಂದ 1999ರ ಜೂನ್‌ವರೆಗೆ ಅಮೆರಿಕದ ಕಿರುತೆರೆಯಲ್ಲಿ 176 ಕಂತುಗಳಾಗಿ ಬಂದ ಸರಣಿ. ಅದರ ಕೊನೆಯ ಎರಡು ವರ್ಷಗಳನ್ನು ಡೊಮಿನಿಯನ್ ಎಂಬ ಪರಕೀಯ ಸಾಮ್ರಾಜ್ಯದೊಂದಿಗಿನ ಯುದ್ಧ ಆವರಿಸಿಕೊಂಡಿದೆ. ಈ ಯುದ್ಧಕಥನದಲ್ಲಿ ಪಾತ್ರಗಳ ಒಳತೋಟಿ ಒಬ್ಬೊಬ್ಬರ ಮನಸ್ಸಿನೊಳಗೇ ಹುಟ್ಟಿ ಅಲ್ಲೇ ಕೊನೆಗೊಳ್ಳುವುದಿಲ್ಲ. ಯಾರು ಯಾರ ಮುಂದೆ ಬಾಯಿ ಬಿಡಬಲ್ಲರು, ಕೇಳುವವರು ಕೇಳಿದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಅದು ರೂಪ ಪಡೆಯುತ್ತದೆ. ಈ ಲೇಖನ ಕೆಲವು ಕಂತುಗಳನ್ನು ಹತ್ತಿರದಿಂದ ನೋಡಿ ಈ ಮಾತನ್ನು ಪರಿಶೀಲಿಸುತ್ತದೆ.

ಹಿನ್ನೆಲೆ

ಸ್ಟಾರ್ ಟ್ರೆಕ್ ಲೋಕವನ್ನು ಕಟ್ಟಿದ ಜೀನ್ ರಾಡೆನ್‌ಬೆರಿಯ ಕಲ್ಪನೆಯಲ್ಲಿ 24ನೇ ಶತಮಾನದ ಮನುಷ್ಯರು ಸಣ್ಣತನವನ್ನು ದಾಟಿದವರು. ನೌಕೆಯ ಸಿಬ್ಬಂದಿ ತಮ್ಮತಮ್ಮಲ್ಲೇ ಜಗಳವಾಡಬಾರದು ಎಂಬುದು ಅವರ ನಿಲುವು. ಆದರ್ಶವಾಗಿ ಇದು ದೊಡ್ಡದೇ. ಆದರೆ ಜಗಳವಿಲ್ಲದ ಮನೆಯ ಕಥೆ ಬರೆಯುವುದು ಬರಹಗಾರರಿಗೆ ಕಷ್ಟ. ರಾಡೆನ್‌ಬೆರಿ 1991ರಲ್ಲಿ ತೀರಿಕೊಂಡರು. ಹೊಸ ಸರಣಿ ರೂಪಿಸಿದ ರಿಕ್ ಬರ್ಮನ್ ಮತ್ತು ಮೈಕಲ್ ಪಿಲ್ಲರ್ ಈ ತೊಡಕಿಗೊಂದು ಉಪಾಯ ಹುಡುಕಿದರು: ಕಥೆ ನಡೆಯುವುದು ಚಲಿಸುವ ನೌಕೆಯಲ್ಲಲ್ಲ, ಒಂದೇ ಕಡೆ ನಿಂತ ಬಾಹ್ಯಾಕಾಶ ನಿಲ್ದಾಣದಲ್ಲಿ. ಅಲ್ಲಿ ಸ್ಟಾರ್‌ಫ್ಲೀಟ್ ಅಧಿಕಾರಿಗಳ ಜೊತೆಗೆ ಬಜೋರ್ ಗ್ರಹದ ಮಾಜಿ ಬಂಡುಕೋರಳು, ಲಾಭಕ್ಕಾಗಿಯೇ ಬದುಕುವ ಬಾರ್ ಮಾಲೀಕ, ಗಡಿಪಾರಾದ ಗೂಢಚಾರ ಎಲ್ಲರೂ ಒಂದೇ ಸೂರಿನಡಿ ಬಾಳಬೇಕು. ಮನಸ್ತಾಪವಾದರೆ ಮುಂದಿನ ವಾರ ಬೇರೆ ಗ್ರಹಕ್ಕೆ ಹೊರಟುಹೋಗುವ ದಾರಿ ಇಲ್ಲ.

ಕೇಳುಗನಿಲ್ಲದ ತಪ್ಪೊಪ್ಪಿಗೆ

ಮೊದಲು ಕಂಡ ಆ ಸೇನಾಧಿಕಾರಿ, ನಿಲ್ದಾಣದ ಮುಖ್ಯಸ್ಥ ಬೆಂಜಮಿನ್ ಸಿಸ್ಕೊ, ಪ್ರತಿ ಶುಕ್ರವಾರ ಯುದ್ಧದ ಸಾವುನೋವಿನ ಪಟ್ಟಿಯನ್ನು ಗೋಡೆಗೆ ಹಚ್ಚುತ್ತಾನೆ. ಪರಿಚಿತ ಹೆಸರುಗಳಿಗಾಗಿ ಜನ ಅದರ ಮುಂದೆ ಸೇರುತ್ತಾರೆ. ತಟಸ್ಥರಾಗಿರುವ ರೊಮ್ಯುಲನ್ನರನ್ನು ಯುದ್ಧಕ್ಕೆ ಎಳೆಯದಿದ್ದರೆ ಸೋಲು ಖಚಿತವೆಂದು ಅವನಿಗೆ ಅನ್ನಿಸುವುದು ಆ ಪಟ್ಟಿಯ ಎದುರಿನಲ್ಲೇ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಮಾಜಿ ಗೂಢಚಾರ ಗ್ಯಾರಕ್‌ನ ನೆರವು ಕೇಳುತ್ತಾನೆ, ಬಾರ್ ಮಾಲೀಕ ಕ್ವಾರ್ಕ್‌ಗೆ ಲಂಚ ಕೊಡುತ್ತಾನೆ, ಅಪಾಯಕಾರಿ ಜೈವಿಕ ದ್ರವ್ಯ ಕೊಡುವಂತೆ ವೈದ್ಯ ಬಶೀರ್‌ಗೆ ಹುಕುಂ ಮಾಡುತ್ತಾನೆ. ಬಶೀರ್ ಆ ಆದೇಶವನ್ನು ಬರಹದಲ್ಲಿ ಕೇಳುತ್ತಾನೆ. ಗೆಳೆಯರಂತಿದ್ದ ಇಬ್ಬರ ನಡುವೆ ಕಾಗದ ಬಂದು ಕೂರುತ್ತದೆ.

ರೊಮ್ಯುಲನ್ನರನ್ನು ನಂಬಿಸಲು ಹೆಣೆದ ನಕಲಿ ಸಾಕ್ಷ್ಯ ಕೊನೆಗೆ ಬಯಲಾಗುತ್ತದೆ. ರೊಮ್ಯುಲನ್ ಸೆನೆಟರ್‌ನ ನೌಕೆಯನ್ನು ಗ್ಯಾರಕ್ ಸ್ಫೋಟಿಸುತ್ತಾನೆ, ರೊಮ್ಯುಲನ್ನರು ಯುದ್ಧಕ್ಕಿಳಿಯುತ್ತಾರೆ. ಭಾರತದ ಕಥೆ ಕೇಳಿ ಬೆಳೆದವರಿಗೆ ಇಲ್ಲಿ ಧರ್ಮರಾಯ ನೆನಪಾಗದೆ ಇರಲಾರ. ದ್ರೋಣನ ಮುಂದೆ ಅರ್ಧಸತ್ಯ ನುಡಿದೊಡನೆ, ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲ ಮುಟ್ಟಿತು. ಸಿಸ್ಕೊನ ರಥ ನೆಲಕ್ಕಿಳಿದದ್ದು ಗ್ಯಾರಕ್ ಬಿಟ್ಟರೆ ನಿಲ್ದಾಣದ ಯಾರಿಗೂ ಕಾಣುವುದಿಲ್ಲ. ಅವನು ನೇರವಾಗಿ ಕ್ಯಾಮೆರಾ ನೋಡಿ ಮಾತಾಡುತ್ತಾನೆ. ಕೇಳಿಸಿಕೊಂಡವರು ವೀಕ್ಷಕರು ಮಾತ್ರ. ಜೊತೆಗಾರರ ನಡುವೆಯೇ ಇದ್ದೂ ಅವರಲ್ಲಿ ಯಾರಿಗೂ ಹೇಳಿಕೊಳ್ಳಲಾರದ ಸ್ಥಿತಿಯೇ ಅವನು ತೆತ್ತ ಬೆಲೆ.

ಶತ್ರುವೂ ಗೆಳೆಯನೂ

ಕೀರಾ ನೆರಿಸ್‌ಳ ದಾರಿ ಬೇರೆ. ಬಜೋರ್‌ನ ಆ ಮಾಜಿ ಬಂಡುಕೋರಳು, ತನ್ನ ಗ್ರಹವನ್ನು ಆಕ್ರಮಿಸಿದ ಕಾರ್ಡಾಸಿಯನ್ನರ ವಿರುದ್ಧ ಬಂದೂಕು ಹಿಡಿದು ಬೆಳೆದವಳು. 1993ರ ‘ಡ್ಯುಯೆಟ್’ ಕಂತಿನಲ್ಲಿ, ಕುಖ್ಯಾತ ಶ್ರಮಶಿಬಿರವೊಂದರ ಕ್ರೂರ ಮುಖ್ಯಸ್ಥ ಎಂದು ತೋರುವ ಕೈದಿಯನ್ನು ಅವಳು ವಿಚಾರಣೆಗೊಳಪಡಿಸುತ್ತಾಳೆ. ಕಂತಿನ ಬಹುಪಾಲು ಸೆರೆಕೋಣೆಯಲ್ಲಿ ಇಬ್ಬರ ಮಾತುಕತೆಯಲ್ಲೇ ಸಾಗುತ್ತದೆ. ಅವನು ನಿಜವಾಗಿ ಅದೇ ಶಿಬಿರದ ಗುಮಾಸ್ತ. ರಾತ್ರಿಯ ಚೀರಾಟ ಕೇಳಲಾರದೆ ಕಿವಿ ಮುಚ್ಚಿಕೊಂಡಿದ್ದವನು, ತನ್ನ ಜನರ ಅಪರಾಧ ಬೆಳಕಿಗೆ ಬರಲೆಂದು ಆ ವೇಷ ಹಾಕಿ ಬಂದಿದ್ದಾನೆ. ಶಿಕ್ಷೆ ಕೊಡಿಸಬೇಕೆಂದು ಬಂದ ಕೀರಾ ಅವನ ಅಳುವಿಗೆ ಸಾಕ್ಷಿಯಾಗುತ್ತಾಳೆ.

ಡೊಮಿನಿಯನ್ ಪಡೆ ನಿಲ್ದಾಣವನ್ನು ವಶಪಡಿಸಿಕೊಂಡಾಗ ಅವಳ ಪರೀಕ್ಷೆ ಇನ್ನೂ ಕಠಿಣವಾಗುತ್ತದೆ. ಪ್ರತಿರೋಧದ ಕೆಲಸದಲ್ಲಿ ಜೊತೆಯಾಗಿದ್ದ ಭದ್ರತಾಧಿಕಾರಿ ಓಡೊ, ನಿರ್ಣಾಯಕ ಗಳಿಗೆಯಲ್ಲಿ ಶತ್ರುಪಕ್ಷದಲ್ಲಿದ್ದ ತನ್ನ ಕುಲದವಳೊಂದಿಗಿನ ಮಿಲನದಲ್ಲಿ ಮೈಮರೆತು ಕೈಕೊಡುತ್ತಾನೆ. ಜೊತೆಗಾರ ರೋಮ್ ಸೆರೆಯಾಗುತ್ತಾನೆ. ಈ ಬಿರುಕು ಕೂಡಿಕೊಂಡ ಬಗೆಯನ್ನು ಬರಹಗಾರರು ತೋರಿಸುವ ರೀತಿ ಗಮನಾರ್ಹ. 1997ರ ನವೆಂಬರ್‌ನ ಕಂತೊಂದರಲ್ಲಿ, ಮದುವೆಯ ಮುಂಚಿನ ಗದ್ದಲದ ಔತಣದ ನಡುವೆ ಇಬ್ಬರೂ ಬಟ್ಟೆಯ ಕೋಣೆಯೊಂದಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ಬರುವಷ್ಟರಲ್ಲಿ ಬೆಳಗಾಗಿರುತ್ತದೆ. ಒಳಗೆ ಆಡಿದ ಮಾತು ವೀಕ್ಷಕರಿಗೆ ಕೇಳಿಸುವುದೇ ಇಲ್ಲ. ಸಿಸ್ಕೊನ ತಪ್ಪೊಪ್ಪಿಗೆ ಕೇಳಿಸಿದ್ದು ವೀಕ್ಷಕರಿಗಷ್ಟೇ. ಇಲ್ಲಿ ವೀಕ್ಷಕರೇ ಬಾಗಿಲ ಹೊರಗೆ. ಕೆಲವು ಸಂಬಂಧ ರಿಪೇರಿಯಾಗಬೇಕಾದರೆ ಮೂರನೆಯವರು ಅಲ್ಲಿ ಇರಬಾರದೆಂಬ ಸೂಕ್ಷ್ಮ ಈ ಮುಚ್ಚಿದ ಬಾಗಿಲಲ್ಲಿದೆ.

ಕಾಲು ಕಳೆದುಕೊಂಡ ಹುಡುಗ

ಸರಣಿಗೆ ಮಿತಿಗಳೂ ಇದ್ದವು. 1996ರ ‘ಹಾರ್ಡ್ ಟೈಮ್’ ಕಂತಿನಲ್ಲಿ ಎಂಜಿನಿಯರ್ ಓಬ್ರಿಯನ್‌ನ ತಲೆಗೆ 20 ವರ್ಷದ ಸೆರೆವಾಸದ ನೆನಪನ್ನು ತುಂಬಲಾಗುತ್ತದೆ. ಆ ನೆನಪಿನೊಳಗೆ ಸೆರೆಮನೆಯ ಗೆಳೆಯನನ್ನು ಕೊಂದ ಪಾಪಪ್ರಜ್ಞೆಯಿಂದ ಅವನು ಆತ್ಮಹತ್ಯೆಯ ಅಂಚಿಗೆ ಬರುತ್ತಾನೆ; ಗೆಳೆಯ ಬಶೀರ್ ಮುಂದೆ ಎಲ್ಲವನ್ನೂ ಹೇಳಿಕೊಂಡ ಮೇಲೆ ಕೈಯ ಆಯುಧ ಕೆಳಗಿಳಿಯುತ್ತದೆ. ಮುಂದಿನ ವಾರ ಬೇರೆ ಕಥೆ, ಆ ಗಾಯದ ಪ್ರಸ್ತಾಪವಿಲ್ಲ. ವಾರಕ್ಕೊಂದು ಬಿಡಿ ಕಥೆ ಎಂಬ ಅಂದಿನ ಪದ್ಧತಿಯಲ್ಲಿ ನೋವು ಒಂದು ಕಂತಿನ ಅವಧಿಯಲ್ಲೇ ವಾಸಿಯಾಗಬೇಕಿತ್ತು.

ಯುದ್ಧದ ಕಥೆ ಈ ಚೌಕಟ್ಟನ್ನು ಸಡಿಲಿಸಿತು. 1998ರ ನವೆಂಬರ್‌ನ ‘ದ ಸೀಜ್ ಆಫ್ ಎಆರ್-558’ ಕಂತನ್ನು ನಿರ್ದೇಶಿಸಿದ ವಿನ್ರಿಕ್ ಕೋಲ್ಬ ಸ್ವತಃ ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದವರು. ಬಂಜರು ಗ್ರಹದ ಠಾಣೆಗೆ ಬಂದಿಳಿದ 150 ಯೋಧರಲ್ಲಿ 43 ಮಂದಿ ಉಳಿದಿದ್ದಾರೆ. ಫೆರೆಂಗಿ ಕುಲದಿಂದ ಸ್ಟಾರ್‌ಫ್ಲೀಟ್ ಸೇರಿದ ಮೊದಲಿಗ, ಹುಡುಗು ಉತ್ಸಾಹದ ನಾಗ್ ಅಲ್ಲಿ ಕಾಲು ಕಳೆದುಕೊಳ್ಳುತ್ತಾನೆ. ಸಿಸ್ಕೊ ಅವನನ್ನು ಕಳಿಸಿದ್ದಕ್ಕೆ ಅವನ ದೊಡ್ಡಪ್ಪ ಕ್ವಾರ್ಕ್ ಕೆಂಡವಾಗುತ್ತಾನೆ.

ಅದೇ ಡಿಸೆಂಬರ್‌ನಲ್ಲಿ ಬಂದ ‘ಇಟ್ಸ್ ಓನ್ಲಿ ಎ ಪೇಪರ್ ಮೂನ್’ನಲ್ಲಿ ನಾಗ್ ಕೃತಕ ಕಾಲಿನೊಂದಿಗೆ ಮರಳುತ್ತಾನೆ. ಕಾಲು ಸರಿಯಿದೆ ಎನ್ನುತ್ತಾರೆ ವೈದ್ಯರು. ಅವನು ಕುಂಟುತ್ತಲೇ ಇದ್ದಾನೆ. ರಣರಂಗದಲ್ಲಿ ಬಶೀರ್ ಕೇಳಿಸಿದ್ದ ಹಾಡನ್ನೇ ಮತ್ತೆ ಮತ್ತೆ ಹಾಕುತ್ತಾನೆ. ಅಪ್ಪ, ಗೆಳೆಯ ಜೇಕ್, ಆಪ್ತಸಲಹೆಗಾರ್ತಿ, ಎಲ್ಲರ ಕಾಳಜಿಯೂ ಅವನಿಗೆ ಭಾರ. ಕೊನೆಗೆ ಅವನು ಮೊರೆಹೋಗುವುದು ಕಂಪ್ಯೂಟರ್ ಸೃಷ್ಟಿಸಿದ ಗಾಯಕ ವಿಕ್ ಫಾಂಟೇನ್‌ನನ್ನು. ವಿಕ್ ಹಾಡುವ, 1960ರ ದಶಕದ ಲಾಸ್ ವೇಗಸ್‌ನ ಆ ಕೃತಕ ಲೋಕದಲ್ಲಿ ಯುದ್ಧವಿಲ್ಲ, ಕನಿಕರವೂ ಇಲ್ಲ. ವಿಕ್ ಅವನಿಗೆ ಕ್ಲಬ್ಬಿನ ಲೆಕ್ಕಪತ್ರದ ಕೆಲಸ ಹಚ್ಚುತ್ತಾನೆ. ಆಸರೆ ಅತಿಯಾಗಿ ನಾಗ್ ಅಲ್ಲೇ ನೆಲೆಸಲು ಹೊರಟಾಗ ವಿಕ್ ತನ್ನ ಲೋಕವನ್ನು ತಾನೇ ನಂದಿಸಿ ಅವನನ್ನು ಹೊರಗೆ ಕಳಿಸುತ್ತಾನೆ. ಆಗಷ್ಟೇ ಹುಡುಗನ ಭಯ ಮಾತಾಗುತ್ತದೆ: ಅಂದು ಕಾಲು ಹೋಯಿತು, ನಾಳೆ ಜೀವವೂ ಹೋಗಬಹುದು. ಮರಳಿ ಕೆಲಸಕ್ಕೆ ಹೊರಟವನು ವಿಕ್‌ನ ಲೋಕ ದಿನದ 26 ಗಂಟೆಯೂ ಆರದಂತೆ ಏರ್ಪಾಡು ಮಾಡುತ್ತಾನೆ; ಬಜೋರ್‌ನ ದಿನ ಅಷ್ಟು ಉದ್ದ.

ಸಿಸ್ಕೊನ ಮಾತು ಅಳಿಸಿಹೋಯಿತು, ಕೀರಾಳದು ಬಾಗಿಲ ಹಿಂದೆ ಉಳಿಯಿತು, ನಾಗ್‌ನ ಮಾತಿಗೆ ಜೀವವಿಲ್ಲದ ಗಾಯಕ ಕಿವಿಯಾದ. ಸರಣಿಯ ಕೊನೆಯ ದೃಶ್ಯದಲ್ಲಿ ಈ ಎಳೆಗಳು ಒಂದೆಡೆ ಸೇರುತ್ತವೆ. ಯುದ್ಧ ಮುಗಿದಿದೆ. ಓಡೊ ತನ್ನವರಲ್ಲಿಗೆ ಹೋಗಿದ್ದಾನೆ, ಸಿಸ್ಕೊ ಬಜೋರ್‌ನವರು ದೇವರೆಂದು ಪೂಜಿಸುವ ‘ಪ್ರವಾದಿ’ಗಳ ಲೋಕ ಸೇರಿದ್ದಾನೆ. ಅವನ ಮಗ ಜೇಕ್ ಕಿಟಕಿಯ ಬಳಿ ನಿಂತು ಕತ್ತಲನ್ನು ನೋಡುತ್ತಿದ್ದಾನೆ. ಕೀರಾ ಬಂದು ಅವನನ್ನು ಬಳಸಿ ನಿಲ್ಲುತ್ತಾಳೆ, ಏನೂ ಕೇಳುವುದಿಲ್ಲ. ಕ್ಯಾಮೆರಾ ಹಿಂದೆ ಸರಿಯುತ್ತಾ ಹೋದಂತೆ ಕಿಟಕಿ ಚಿಕ್ಕದಾಗುತ್ತದೆ, ಇಬ್ಬರೂ ಅಲ್ಲೇ ನಿಂತಿದ್ದಾರೆ.